ಎಕೋ ವರದಿಯಲ್ಲಿ ಪಂಪಿಂಗ್ ಶೇ. 35 ಎಂದಿದ್ದರೆ

ಈ ಬಾರಿ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯಕ್ಕೆ ಸಂಬಂಧಿಸಿವೆ. ಹೃದಯದ ಸ್ಕ್ಯಾನ್, ಅಂದರೆ ಎಕೋ, ಮಾಡಿಸಿದಾಗ ಪಂಪಿಂಗ್ ಶಕ್ತಿ ಕಡಿಮೆ ಎಂದು ತಿಳಿದುಬಂದ ಮೂರು ಮನೆಗಳವರು ಬರೆದಿದ್ದಾರೆ. ಕುಮಟಾದ ಪತ್ರದಲ್ಲಿ ಎಲ್ಲರಿಗೂ ಬೇಕಾದ ಪ್ರಶ್ನೆಗಳಿರುವುದರಿಂದ ಅದಕ್ಕೆ ದೀರ್ಘವಾಗಿ ಉತ್ತರಿಸಿದ್ದೇನೆ. ಉಳಿದ ಇಬ್ಬರು ಅದನ್ನು ಓದಿದ ಮೇಲೆ ತಮ್ಮ ಉತ್ತರಕ್ಕೆ ಬರಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ 61 ವರ್ಷ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಬಿ.ಪಿ.ಗೂ ಮಾತ್ರೆ ತೆಗೆದುಕೊಳ್ಳುತ್ತಾರೆ, ಕವಳದ ಜೊತೆ ತಂಬಾಕು ಹಾಕುವ ರೂಢಿಯೂ ಇದೆ. ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮೊದಲು ಹೃದಯದ ಪರೀಕ್ಷೆ ಆಗಬೇಕೆಂದು ಎಕೋ ಮಾಡಿಸಿದಾಗ ‘ಇ.ಎಫ್. ಶೇ. 35’ ಎಂದು ಬಂತು. ಗಾಬರಿಯಾಗಿ ವಾರದೊಳಗೆ ಬೇರೆ ಊರಿನಲ್ಲಿ ಮತ್ತೊಮ್ಮೆ ಮಾಡಿಸಿದರೆ ಶೇ. 41 ಎಂದಿದೆ. ಅಪ್ಪಯ್ಯನಿಗೆ ಎದೆನೋವು ಒಂದು ದಿನವೂ ಬಂದದ್ದಿಲ್ಲ. ತೋಟದ ಏರು ಹತ್ತುವಾಗ ಸ್ವಲ್ಪ ಏದುಸಿರು ಬರುತ್ತದೆ, ಅದು ವಯಸ್ಸಿನದ್ದು ಎನ್ನುತ್ತಾರೆ. ಹಾಗಾದರೆ ಹೃದಯದ ಶೇ. 65 ಭಾಗ ಹೋಗಿಬಿಟ್ಟಿದೆಯೇ? ಯಾವ ವರದಿಯನ್ನು ನಂಬಬೇಕು? ಆಂಜಿಯೋಗ್ರಾಂ ಮಾಡಿಸಲೇಬೇಕೇ? ನೆಂಟರು ಹೊಳೆಮತ್ತಿ (ಅರ್ಜುನ ಮರ) ಚಕ್ಕೆಯ ಕಷಾಯ ಕೊಡಿ ಎನ್ನುತ್ತಿದ್ದಾರೆ. ಊಟ, ಎಳನೀರು, ತೋಟದ ಕೆಲಸ ಇವುಗಳ ಬಗ್ಗೆಯೂ ತಿಳಿಸಿ.
– ಓದುಗರು, ಕುಮಟಾ

ಉತ್ತರ: ನಿಮ್ಮ ತಂದೆಯವರ ಹೃದಯದ ಶೇ. 65 ಭಾಗ ಹೋಗಿಲ್ಲ. ಈ ತಪ್ಪು ಎಣಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ನಿದ್ದೆ ಕೆಡುತ್ತದೆ. ವರದಿಯನ್ನು ಕೈಗೆ ಕೊಡುವಾಗ ಎರಡು ನಿಮಿಷ ಕುಳಿತು ವಿವರಿಸಿದ್ದರೆ ಈ ಸಂಕಟ ತಪ್ಪುತ್ತಿತ್ತು ಎಂದು ನನಗೆ ಪ್ರತಿ ಬಾರಿಯೂ ಅನಿಸುತ್ತದೆ.

ಇ.ಎಫ್. ಅಂದರೆ ಎಜೆಕ್ಷನ್ ಫ್ರ್ಯಾಕ್ಷನ್. ಹೃದಯದ ನಾಲ್ಕು ಕೋಣೆಗಳಲ್ಲಿ ಎಡ ಹೃತ್ಕುಕ್ಷಿಯೇ ಇಡೀ ದೇಹಕ್ಕೆ ರಕ್ತ ಕಳುಹಿಸುವ ಮುಖ್ಯ ಕೋಣೆ. ಆರೋಗ್ಯವಂತ ವಯಸ್ಕರಲ್ಲಿ ಅದು ತುಂಬಿದಾಗ ಸುಮಾರು 120 ಮಿಲಿಲೀಟರ್ ರಕ್ತ ಹಿಡಿಯುತ್ತದೆ, ಒಂದು ಬಡಿತಕ್ಕೆ ಅದರಲ್ಲಿ ಸುಮಾರು 70 ಮಿಲಿಲೀಟರ್ ಹೊರಗೆ ಹೋಗುತ್ತದೆ, ಉಳಿದದ್ದು ಒಳಗೇ ಇರುತ್ತದೆ. ತುಂಬಿದ್ದರಲ್ಲಿ ಹೊರಗೆ ಹೋದ ಪಾಲು ಎಷ್ಟು ಎಂಬುದೇ ಈ ಸಂಖ್ಯೆ. ಈ ಲೆಕ್ಕದಲ್ಲಿ ಅದು ಶೇ. 58ರಷ್ಟಾಗುತ್ತದೆ. ಯಾವ ಆರೋಗ್ಯವಂತ ಹೃದಯವೂ ತನ್ನೊಳಗಿನ ರಕ್ತವನ್ನೆಲ್ಲ ಖಾಲಿ ಮಾಡುವುದಿಲ್ಲ. ಸ್ಥೂಲವಾಗಿ ಶೇ. 55ರಿಂದ 70ರವರೆಗೆ ಸಹಜ ಎನ್ನುತ್ತೇವೆ. 41ರಿಂದ 49ರವರೆಗೆ ಸ್ವಲ್ಪ ಕಡಿಮೆ, 40 ಮತ್ತು ಅದಕ್ಕಿಂತ ಕೆಳಗೆ ಸ್ಪಷ್ಟವಾಗಿ ಕಡಿಮೆ. ಆದ್ದರಿಂದ 35 ಎಂಬುದನ್ನು ಪರೀಕ್ಷೆಯ ಅಂಕದಂತೆ ನೂರರೊಡನೆ ಹೋಲಿಸದೆ, 60ರ ಆಸುಪಾಸಿನೊಡನೆ ಹೋಲಿಸಿ ಓದಬೇಕು. ಹಾಗೆ ಓದಿದರೂ ಅದು ಹಗುರವಾಗಿ ತೆಗೆದುಕೊಳ್ಳುವ ಸಂಖ್ಯೆಯಲ್ಲ.

ಪಂಪಿಂಗ್ ಇಷ್ಟು ಕಡಿಮೆಯಾಗಿದ್ದರೂ ತಂದೆಯವರು ಓಡಾಡಿಕೊಂಡಿರುವುದು ಹೇಗೆ ಎಂಬ ಸಂದೇಹ ನಿಮಗೆ ಬಂದಿರಬಹುದು. ಸ್ನಾಯು ದುರ್ಬಲವಾದಾಗ ಕೋಣೆ ನಿಧಾನವಾಗಿ ಹಿಗ್ಗುತ್ತದೆ. 200 ಮಿಲಿಲೀಟರ್ ಹಿಡಿಯುವಷ್ಟು ಹಿಗ್ಗಿದ ಕೋಣೆ ಅದರ ಶೇ. 35ರಷ್ಟನ್ನೇ ಹೊರಗೆ ಕಳುಹಿಸಿದರೂ ಅದು ಮತ್ತೆ 70 ಮಿಲಿಲೀಟರ್ ಆಗುತ್ತದೆ. ಹೀಗಾಗಿ ಕುಳಿತಲ್ಲಿ, ಸಮತಟ್ಟಾದ ಅಂಗಳದಲ್ಲಿ ಏನೂ ತಿಳಿಯುವುದಿಲ್ಲ. ಏರು ಹತ್ತುವಾಗ, ದೇಹ ಹೆಚ್ಚು ರಕ್ತ ಕೇಳಿದಾಗ ಕೊರತೆ ಬಯಲಾಗುತ್ತದೆ. ಹಿಗ್ಗಿದ ಗೋಡೆಯ ಮೇಲೆ ಒತ್ತಡ ಹೆಚ್ಚುವುದರಿಂದ ಈ ಹೊಂದಾಣಿಕೆಯೇ ವರ್ಷಗಳು ಕಳೆದಂತೆ ಸ್ನಾಯುವನ್ನು ಇನ್ನಷ್ಟು ದಣಿಸುತ್ತದೆ. ಆ ಏದುಸಿರನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ. ತೊಂದರೆ ಇನ್ನೂ ಚಿಕ್ಕದಾಗಿರುವಾಗಲೇ, ಹರ್ನಿಯಾದ ನೆಪದಲ್ಲಿ ಇದು ಸಿಕ್ಕಿರುವುದು ನಿಮ್ಮ ಕುಟುಂಬದ ಪಾಲಿಗೆ ಒಳ್ಳೆಯದೇ ಆಯಿತು ಎಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ.

ಇನ್ನು ಎರಡು ವರದಿಗಳ ವಿಷಯ. ಎಕೋದಲ್ಲಿ ಶಬ್ದತರಂಗಗಳಿಂದ ಚಲಿಸುವ ಹೃದಯದ ಚಿತ್ರ ಮೂಡುತ್ತದೆ. ಪರೀಕ್ಷಿಸುವವರು ಕೋಣೆಯ ಒಳಗಿನ ಅಂಚನ್ನು ಗುರುತಿಸಿ, ಅದು ತುಂಬಿದಾಗ ಎಷ್ಟು, ಕುಗ್ಗಿದಾಗ ಎಷ್ಟು ಎಂದು ಅಳೆಯುತ್ತಾರೆ. ಕೆಲವರು ಎರಡು ಕೋನಗಳಿಂದ ಅಂಚು ಬರೆದು ಲೆಕ್ಕ ಹಾಕುತ್ತಾರೆ, ಇದು ಸಿಂಪ್ಸನ್ ವಿಧಾನ. ಕೆಲವರು ಒಂದೇ ಗೆರೆಯ ಅಳತೆಯಿಂದ ಅಂದಾಜಿಸುತ್ತಾರೆ, ಅನುಭವಿಗಳು ಕಣ್ಣಳತೆಯಲ್ಲೇ ಹೇಳುವುದೂ ಉಂಟು. ಆ ದಿನದ ರಕ್ತದೊತ್ತಡ, ನಾಡಿಯ ವೇಗ, ಚಿತ್ರದ ಸ್ಪಷ್ಟತೆ ಇವುಗಳಿಂದಲೂ ಸಂಖ್ಯೆ ಅತ್ತಿತ್ತ ಆಗುತ್ತದೆ. ಇಬ್ಬರು ಒಂದೇ ಹೃದಯವನ್ನು ಅಳೆದಾಗ ಐದಾರು ಅಂಕೆಗಳ ವ್ಯತ್ಯಾಸ ಸಾಮಾನ್ಯ, ಹತ್ತರವರೆಗೂ ಆಗಬಹುದು. ಆದ್ದರಿಂದ ನಿಮ್ಮ ಎರಡೂ ವರದಿಗಳು ಒಂದೇ ಮಾತನ್ನು ಹೇಳುತ್ತಿವೆ: ಪಂಪಿಂಗ್ ಕಡಿಮೆಯಾಗಿದೆ. ವಾರದೊಳಗೆ ಅದು 35ರಿಂದ 41ಕ್ಕೆ ಸುಧಾರಿಸಿತು ಎಂದು ಸಮಾಧಾನಪಟ್ಟುಕೊಳ್ಳುವುದೂ ಬೇಡ, ಮೂರನೆಯ ಕಡೆ ಮಾಡಿಸುವುದೂ ಬೇಡ. ಮುಂದಿನ ಎಕೋ ಚಿಕಿತ್ಸೆ ಪೂರ್ಣ ಪ್ರಮಾಣಕ್ಕೆ ಬಂದು ಸುಮಾರು ಮೂರು ತಿಂಗಳಾದ ಮೇಲೆ, ಸಾಧ್ಯವಾದರೆ ಅದೇ ಜಾಗದಲ್ಲಿ, ಹಳೆಯ ವರದಿಯನ್ನು ಎದುರಿಗಿಟ್ಟು ಆಗಲಿ.

ಅದಕ್ಕಿಂತ ಮುಖ್ಯವಾದ ಕೆಲಸ ಈಗಿದೆ. ಇ.ಎಫ್. ಒಂದು ಅಳತೆ ಮಾತ್ರ, ಅದು ಕಾಯಿಲೆಯ ಹೆಸರಲ್ಲ. ಜ್ವರಮಾಪಕದಲ್ಲಿ 102 ಬಂದರೆ ಜ್ವರ ಇದೆ ಎಂದು ಗೊತ್ತಾಗುವುದೇ ಹೊರತು ಅದು ಮಲೇರಿಯಾವೋ ಟೈಫಾಯಿಡೋ ಎಂದು ಗೊತ್ತಾಗುವುದಿಲ್ಲ, ಇಲ್ಲಿಯೂ ಹಾಗೆಯೇ. ನೀವು ವೈದ್ಯರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಪಂಪಿಂಗ್ ಯಾವುದರಿಂದ ಕಡಿಮೆಯಾಯಿತು ಎಂಬುದು. ಹೃದಯ ಸ್ನಾಯುವಿಗೆ ರಕ್ತ ಒದಗಿಸುವ ಕರೊನರಿ ರಕ್ತನಾಳಗಳು ಕಟ್ಟಿಕೊಂಡಿರುವುದು, ಹಿಂದೆಂದೋ ಆಗಿಹೋದ ಹೃದಯಾಘಾತ, ಬಹುಕಾಲ ಹತೋಟಿಯಲ್ಲಿರದ ರಕ್ತದೊತ್ತಡ, ಕವಾಟಗಳ ದೋಷ, ಅತಿವೇಗದ ಅಥವಾ ತಾಳ ತಪ್ಪಿದ ಬಡಿತ, ಮದ್ಯ, ಥೈರಾಯ್ಡ್ ತೊಂದರೆ, ಕೆಲವು ಕ್ಯಾನ್ಸರ್ ಔಷಧಗಳು, ವೈರಸ್ ಸೋಂಕು, ವಂಶವಾಹಿಗಳಲ್ಲಿ ಬರುವ ಸ್ನಾಯುದೋಷ ಹೀಗೆ ಕಾರಣಗಳು ಹಲವು. ಇವುಗಳಲ್ಲಿ ಕೆಲವನ್ನು ಸರಿಪಡಿಸಿದರೆ ಹೃದಯ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ.

ನಿಮ್ಮ ತಂದೆಯವರ ವಿಷಯದಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ., ತಂಬಾಕು ಮೂರೂ ಕೂಡಿರುವುದರಿಂದ ಕರೊನರಿ ರಕ್ತನಾಳಗಳ ಮೇಲೆಯೇ ಮೊದಲ ಅನುಮಾನ. ಎದೆನೋವು ಬಂದಿಲ್ಲ ಎಂಬುದು ಇಲ್ಲಿ ಧೈರ್ಯ ಕೊಡುವ ಸಂಗತಿಯಲ್ಲ. ದೀರ್ಘಕಾಲದ ಮಧುಮೇಹ ನರಗಳನ್ನು ಮಂಕಾಗಿಸುವುದರಿಂದ ಹೃದಯಾಘಾತವೇ ನೋವಿಲ್ಲದೆ, ಬರಿಯ ಬೆವರು, ಸುಸ್ತು ಅಥವಾ ಅಜೀರ್ಣದಂತೆ ಬಂದು ಹೋಗಿರಬಹುದು. ವರದಿಯಲ್ಲಿ ಹೃದಯದ ಗೋಡೆಯ ಯಾವುದೋ ಒಂದು ಭಾಗವಷ್ಟೇ ಸರಿಯಾಗಿ ಚಲಿಸುತ್ತಿಲ್ಲ ಎಂದು ಬರೆದಿದ್ದರೆ ಈ ಅನುಮಾನ ಬಲವಾಗುತ್ತದೆ. ಇಡೀ ಗೋಡೆ ಒಂದೇ ರೀತಿ ದುರ್ಬಲವಾಗಿದ್ದರೆ ಬೇರೆ ಕಾರಣಗಳನ್ನೂ ಅಷ್ಟೇ ಗಂಭೀರವಾಗಿ ಹುಡುಕಬೇಕು. ಇಸಿಜಿ, ಹಿಮೋಗ್ಲೋಬಿನ್, ಮೂತ್ರಪಿಂಡದ ಪರೀಕ್ಷೆ, ಸೋಡಿಯಂ ಮತ್ತು ಪೊಟ್ಯಾಸಿಯಂ, ಥೈರಾಯ್ಡ್, ಸಕ್ಕರೆಯ ಮೂರು ತಿಂಗಳ ಸರಾಸರಿ, ದೇಹದಲ್ಲಿನ ಕಬ್ಬಿಣದ ಸಂಗ್ರಹ ಇವುಗಳನ್ನು ಮೊದಲು ನೋಡಲಿ. ಕರೊನರಿ ರಕ್ತನಾಳಗಳೊಳಗೆ ಬಣ್ಣದ ದ್ರವ ಹಾಯಿಸಿ ತೆಗೆಯುವ ಎಕ್ಸ್‌ರೇ ಚಿತ್ರವಾದ ಆಂಜಿಯೋಗ್ರಾಂ ಬೇಕು ಎಂಬುದೇ ನನ್ನ ಅಭಿಪ್ರಾಯ. ಅದಕ್ಕೆ ಬಳಸುವ ಬಣ್ಣದ ದ್ರವ ಮೂತ್ರಪಿಂಡಕ್ಕೆ ಹೊರೆಯಾಗಬಹುದಾದ್ದರಿಂದ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ನೋಡಿಕೊಂಡು ಮಾಡುತ್ತಾರೆ.

ಆಂಜಿಯೋಗ್ರಾಂ ಮೇಜಿನ ಮೇಲೆಯೇ ಸ್ಟೆಂಟ್, ಅಂದರೆ ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಜಾಲರಿ ಕೊಳವೆ, ಹಾಕುವ ಪ್ರಸ್ತಾಪ ಬರಬಹುದು. ಹೃದಯಾಘಾತ ಆಗುತ್ತಿರುವ ಹೊತ್ತಿನಲ್ಲಿ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎದೆನೋವಿಲ್ಲದೆ, ಪಂಪಿಂಗ್ ಮಾತ್ರ ಕಡಿಮೆಯಾಗಿರುವವರಲ್ಲಿ ಪರಿಸ್ಥಿತಿ ಬೇರೆ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ರಿವೈವ್ಡ್ ಅಧ್ಯಯನದಲ್ಲಿ, ಇ.ಎಫ್. 35 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಒಳ್ಳೆಯ ಔಷಧ ಚಿಕಿತ್ಸೆಯ ಜೊತೆಗೆ ಸ್ಟೆಂಟ್ ಹಾಕಿದರೂ ಸಾವು ಅಥವಾ ಆಸ್ಪತ್ರೆಗೆ ಸೇರುವ ಪ್ರಮಾಣ ಕಡಿಮೆಯಾಗಲಿಲ್ಲ. ಇದಕ್ಕೆ ಪ್ರತಿಯಾಗಿ, ಕಟ್ಟಿಕೊಂಡ ಭಾಗವನ್ನು ಬಳಸಿಕೊಂಡು ಹೋಗುವಂತೆ ರಕ್ತಕ್ಕೆ ಬೇರೆ ದಾರಿ ಮಾಡುವ ಬೈಪಾಸ್ ಶಸ್ತ್ರಚಿಕಿತ್ಸೆ ಹತ್ತು ವರ್ಷಗಳ ಅವಧಿಯಲ್ಲಿ ಸಾವನ್ನು ಕಡಿಮೆ ಮಾಡಿದ್ದು 2016ರಲ್ಲಿ ಪ್ರಕಟವಾದ ಸ್ಟಿಚ್ ಅಧ್ಯಯನದ ಮುಂದುವರಿಕೆಯಲ್ಲಿ ಕಂಡುಬಂದಿದೆ. ಆದ್ದರಿಂದ ಬ್ಲಾಕ್ ಸಿಕ್ಕಿದರೆ ‘ಈಗಲೇ ಹಾಕಬೇಕೇ, ಬೈಪಾಸ್ ಮಾಡುವವರ ಅಭಿಪ್ರಾಯವನ್ನೂ ಕೇಳಬಹುದೇ’ ಎಂದು ವಿನಯದಿಂದ ಕೇಳಿ. ಅದು ನಿಮ್ಮ ಹಕ್ಕು. ಹರ್ನಿಯಾ ಶಸ್ತ್ರಚಿಕಿತ್ಸೆಯನ್ನು ಕಾರಣ ತಿಳಿದು ಚಿಕಿತ್ಸೆ ನೆಲೆಗೊಳ್ಳುವವರೆಗೆ ಮುಂದೂಡಿ. ಆದರೆ ಹರ್ನಿಯಾ ಒಳಗೆ ಹೋಗದೆ ಸಿಕ್ಕಿಕೊಂಡು ನೋವು, ವಾಂತಿ ಬಂದರೆ ಅದು ತುರ್ತು, ಆಗ ಕಾಯಬಾರದು.

ಔಷಧಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮ ತಂದೆಯವರ ಮುಂದಿನ ವರ್ಷಗಳು ಬಹುಪಾಲು ಇವುಗಳ ಮೇಲೆಯೇ ನಿಂತಿವೆ. ಇ.ಎಫ್. 40 ಅಥವಾ ಅದಕ್ಕಿಂತ ಕಡಿಮೆಯಾಗಿ, ಏದುಸಿರಿನಂಥ ಲಕ್ಷಣವೂ ಇರುವವರಿಗೆ ಇಂದು ನಾಲ್ಕು ಬಗೆಯ ಔಷಧಗಳನ್ನು ಒಟ್ಟಿಗೆ ಕೊಡುವುದು ಜಗತ್ತಿನಾದ್ಯಂತ ಒಪ್ಪಿತವಾದ ಕ್ರಮ. ಸಕ್ಯುಬಿಟ್ರಿಲ್–ವಾಲ್ಸಾರ್ಟಾನ್ ಅಥವಾ ಅದರ ಬದಲಿಗೆ ಎನಾಲಾಪ್ರಿಲ್, ರಾಮಿಪ್ರಿಲ್‌ನಂಥದ್ದು ಒಂದು. ಮೆಟೊಪ್ರೊಲಾಲ್ ಸಕ್ಸಿನೇಟ್, ಕಾರ್ವೆಡಿಲಾಲ್, ಬೈಸೊಪ್ರೊಲಾಲ್ ಈ ಮೂರರಲ್ಲಿ ಒಂದು ಬೀಟಾ ಬ್ಲಾಕರ್ (ನಾಡಿಯ ವೇಗ ಇಳಿಸುವ ಔಷಧ) ಎರಡನೆಯದು. ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್ ಮೂರನೆಯದು. ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ನಾಲ್ಕನೆಯದು. ಕೊನೆಯದು ಸಕ್ಕರೆ ಕಾಯಿಲೆಗೆಂದು ಬಂದ ಔಷಧ. ಸಕ್ಕರೆ ಇಲ್ಲದವರ ಹೃದಯಕ್ಕೂ ಅದರಿಂದ ಪ್ರಯೋಜನವಿದೆ ಎಂಬುದು 2019ರ ಹೊತ್ತಿಗೆ ಸ್ಥಾಪಿತವಾಯಿತು. ಕಾಲು ಊದಿಕೊಂಡು ನೀರು ತುಂಬಿದ್ದರೆ ಫ್ಯೂರೋಸಮೈಡ್, ಟಾರ್ಸಮೈಡ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆಯೂ ಸೇರುತ್ತದೆ. ಅದು ಉಸಿರಾಟವನ್ನು ಹಗುರಗೊಳಿಸುತ್ತದೆ, ಆದರೆ ಆಯುಸ್ಸನ್ನು ಕಾಯುವ ಕೆಲಸ ಆ ನಾಲ್ಕರದ್ದು.

ಬಿ.ಪಿ. ಸರಿಯಾಗಿಯೇ ಇದ್ದಾಗ ಬಿ.ಪಿ. ಮಾತ್ರೆ ಯಾಕೆ ಹೆಚ್ಚಿಸುತ್ತಾರೆ ಎಂದು ಬಹಳ ಜನ ಕೇಳುತ್ತಾರೆ, ಕೇಳದೆ ನಿಲ್ಲಿಸುವವರೂ ಇದ್ದಾರೆ. ಪಂಪಿಂಗ್ ಕಡಿಮೆಯಾದಾಗ ದೇಹ ರಕ್ತಸ್ರಾವವಾಗುತ್ತಿದೆ ಎಂದು ತಪ್ಪಾಗಿ ತಿಳಿದಂತೆ ವರ್ತಿಸಿ, ಅಡ್ರಿನಾಲಿನ್‌ನಂಥ ಹಾರ್ಮೋನುಗಳನ್ನು ಸುರಿಸಿ, ರಕ್ತನಾಳಗಳನ್ನು ಬಿಗಿಗೊಳಿಸಿ, ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ದಣಿದ ಹೃದಯಕ್ಕೆ ಇದರಿಂದ ಹೊರೆ ಇನ್ನೂ ಹೆಚ್ಚುತ್ತದೆ. ಈ ಮಾತ್ರೆಗಳು ಆ ಹೊರೆಯನ್ನು ಇಳಿಸಿ, ತಿಂಗಳುಗಳು ಕಳೆದಂತೆ ಹಿಗ್ಗಿದ ಕೋಣೆ ಮತ್ತೆ ಕುಗ್ಗಲು ಅವಕಾಶ ಮಾಡಿಕೊಡುತ್ತವೆ. ಅದಕ್ಕಾಗಿಯೇ ಸಣ್ಣ ಪ್ರಮಾಣದಲ್ಲಿ ಆರಂಭಿಸಿ, ಒಂದೆರಡು ವಾರಗಳಿಗೊಮ್ಮೆ ದೇಹ ತಾಳುವಷ್ಟು ಏರಿಸುತ್ತಾ ಹೋಗಬೇಕು. ಮೊದಲ ಭೇಟಿಯಲ್ಲಿ ಬರೆದ ಸಣ್ಣ ಡೋಸನ್ನೇ ವರ್ಷಗಟ್ಟಲೆ ನುಂಗುತ್ತಿರುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಔಷಧ ಇದ್ದೂ ಅದರ ಪೂರ್ಣ ಫಲ ಅವರಿಗೆ ಸಿಗುತ್ತಿಲ್ಲ.

ಇಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಷ್ಟವೊಂದನ್ನು ಹೇಳಲೇಬೇಕು. ಹೃದ್ರೋಗ ತಜ್ಞರಿಗಾಗಿ ನಮ್ಮವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ದಾರಿ ಹಿಡಿಯುತ್ತಾರೆ. ಸುಸಜ್ಜಿತ ಆಸ್ಪತ್ರೆ ಜಿಲ್ಲೆಯಲ್ಲೇ ಆಗಬೇಕೆಂಬ ಬೇಡಿಕೆ ವರ್ಷಗಳಿಂದ ಇದೆ, ಮತ್ತು ಅದು ನ್ಯಾಯವಾದದ್ದು. ಆದರೆ ಡೋಸ್ ಏರಿಸಲು ಪ್ರತಿ ಬಾರಿಯೂ ಅಷ್ಟು ದೂರ ಹೋಗಬೇಕಾಗಿಲ್ಲ. ತಜ್ಞರಿಂದ ‘ಇಷ್ಟು ದಿನಕ್ಕೆ ಇಷ್ಟು ಏರಿಸಬೇಕು, ಬಿ.ಪಿ. ಇಷ್ಟಕ್ಕಿಂತ ಕೆಳಗಿಳಿದರೆ ನಿಲ್ಲಿಸಬೇಕು’ ಎಂದು ಬರೆಸಿಕೊಂಡು ಬನ್ನಿ. ಊರಿನ ಫಿಜಿಷಿಯನ್ ಅದನ್ನು ನಡೆಸಬಲ್ಲರು. ಔಷಧ ಆರಂಭಿಸಿದ, ಏರಿಸಿದ ಒಂದೆರಡು ವಾರಗಳಲ್ಲಿ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಆಗಲೇಬೇಕು, ಅದು ಕುಮಟಾದಲ್ಲೇ ಆಗುತ್ತದೆ. ರಾಮಿಪ್ರಿಲ್ ಅಥವಾ ಎನಾಲಾಪ್ರಿಲ್ ತೆಗೆದುಕೊಳ್ಳುತ್ತಿದ್ದು ಸಕ್ಯುಬಿಟ್ರಿಲ್–ವಾಲ್ಸಾರ್ಟಾನ್‌ಗೆ ಬದಲಾಯಿಸುವುದಾದರೆ ಮಧ್ಯೆ 36 ಗಂಟೆಗಳ ಅಂತರ ಬೇಕು, ಇಲ್ಲದಿದ್ದರೆ ಮುಖ ಮತ್ತು ಗಂಟಲು ಊದಿಕೊಳ್ಳುವ ಅಪಾಯವಿದೆ. ಮನೆಯಲ್ಲಿ ಉಳಿದ ಹಳೆಯ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸುವುದನ್ನು ಮರೆಯಬೇಡಿ.

ಹೊಳೆಮತ್ತಿಯ ಕಷಾಯದ ಬಗ್ಗೆ ಕೇಳಿದ್ದೀರಿ. ನಮ್ಮ ಕಡೆ ಅದರ ಮೇಲಿರುವ ನಂಬಿಕೆಯನ್ನು ನಾನು ಬಲ್ಲೆ, ಹಿರಿಯರ ಕಳಕಳಿಯನ್ನೂ ಗೌರವಿಸುತ್ತೇನೆ. ಆದರೆ ಮೇಲೆ ಹೇಳಿದ ಔಷಧಗಳು ಸಾವಿರಾರು ರೋಗಿಗಳಲ್ಲಿ ಆಯುಸ್ಸನ್ನು ಹೆಚ್ಚಿಸಿದಂತೆ ಈ ಕಷಾಯ ಹೆಚ್ಚಿಸಿದ್ದಕ್ಕೆ ಆಧಾರವಿಲ್ಲ. ಅದು ಅವುಗಳ ಜಾಗವನ್ನು ತುಂಬಲಾರದು. ಅದನ್ನು ಕೊಡಲೇಬೇಕೆಂದು ಮನೆಯಲ್ಲಿ ನಿರ್ಧಾರವಾದರೆ ವೈದ್ಯರಿಗೆ ತಿಳಿಸಿಯೇ ಕೊಡಿ, ಮಾತ್ರೆ ಬಿಡಿಸಿ ಕೊಡಬೇಡಿ. ಇದಕ್ಕಿಂತಲೂ ನನಗೆ ಹೆಚ್ಚು ಭಯ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ನೋವಿನ ಮಾತ್ರೆಗಳದ್ದು. ಡೈಕ್ಲೊಫೆನಾಕ್, ಏಸಿಕ್ಲೊಫೆನಾಕ್, ಐಬುಪ್ರೊಫೆನ್ ಇವು ಉಪ್ಪು ಮತ್ತು ನೀರನ್ನು ದೇಹದಲ್ಲಿ ಹಿಡಿದಿಟ್ಟು, ಮೂತ್ರಪಿಂಡವನ್ನು ಕುಗ್ಗಿಸಿ, ಚೆನ್ನಾಗಿದ್ದವರನ್ನು ಕೆಲವೇ ದಿನಗಳಲ್ಲಿ ಆಸ್ಪತ್ರೆಗೆ ಸೇರುವಂತೆ ಮಾಡಬಲ್ಲವು. ಮಂಡಿನೋವಿಗೆ ಪ್ಯಾರಾಸಿಟಮಾಲ್ ಸಾಕು. ಸಕ್ಕರೆ ಮಾತ್ರೆಗಳಲ್ಲಿ ಪಯೋಗ್ಲಿಟಜೋನ್ ಇದ್ದರೆ ಅದನ್ನು ಬದಲಾಯಿಸಲು ಹೇಳಿ.

ಊಟದಲ್ಲಿ ಉಪ್ಪೇ ಮುಖ್ಯ. ದಿನಕ್ಕೆ ಎಲ್ಲ ಸೇರಿ ಐದು ಗ್ರಾಂ, ಅಂದರೆ ಒಂದು ಟೀ ಚಮಚೆಗಿಂತ ಹೆಚ್ಚಾಗದಿರಲಿ. ಸಾಣಿಕಟ್ಟೆಯ ಉಪ್ಪಾದರೂ ಪ್ಯಾಕೆಟ್ಟಿನ ಪುಡಿಯುಪ್ಪಾದರೂ ಸೋಡಿಯಂ ಸೋಡಿಯಂನೇ. ಅಡುಗೆಗೆ ಹಾಕುವ ಉಪ್ಪಿಗಿಂತ ಬದಿಯಲ್ಲಿ ಬರುವ ಉಪ್ಪು ನಮ್ಮವರನ್ನು ಕೆಡಿಸುತ್ತದೆ: ಗಂಜಿಯ ಜೊತೆಗಿನ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಸಂಡಿಗೆ, ಉಪ್ಪುನೀರಿನಲ್ಲಿಟ್ಟ ಹಲಸಿನ ಸೊಳೆ, ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಮೀನು ತಿನ್ನುವವರ ಮನೆಯಲ್ಲಿ ಒಣಮೀನು. ತಾಜಾ ಮೀನು ತಿನ್ನಬಹುದು, ಒಣಮೀನು ಬೇಡ. ಎಳನೀರಿನ ಪ್ರಶ್ನೆಗೆ ಉತ್ತರ ಮಾತ್ರೆಗಳನ್ನು ಅವಲಂಬಿಸಿದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ; ಮೇಲಿನ ಪಟ್ಟಿಯ ಮೊದಲನೆಯ ಮತ್ತು ಮೂರನೆಯ ಔಷಧಗಳೂ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿಸುತ್ತವೆ; ಅದು ಮಿತಿಮೀರಿದರೆ ಬಡಿತದ ಲಯವೇ ಕೆಡುತ್ತದೆ. ರಕ್ತಪರೀಕ್ಷೆ ಸರಿಯಿದ್ದರೆ ಅಪರೂಪಕ್ಕೊಂದು ಎಳನೀರು ಕುಡಿಯಲು ಅಡ್ಡಿಯಿಲ್ಲ, ಪ್ರತಿದಿನ ಬೇಡ. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲೂ ಪೊಟ್ಯಾಸಿಯಂ ಇರುವುದರಿಂದ ಅದನ್ನು ತರಬೇಡಿ. ಕವಳದ ತಂಬಾಕು ಇಂದಿನಿಂದಲೇ ನಿಲ್ಲಬೇಕು. ಈ ಒಂದರಲ್ಲಿ ನಾನು ರಿಯಾಯಿತಿ ಕೊಡಲಾರೆ.

ಕಾರಣ ತಿಳಿದು, ಔಷಧ ನೆಲೆಗೊಂಡ ಮೇಲೆ ಸಮತಟ್ಟಾದ ಜಾಗದಲ್ಲಿ ನಡಿಗೆ ಆರಂಭಿಸಿ, ಮಾತನಾಡುತ್ತಾ ನಡೆಯಲು ಆಗುವಷ್ಟು ವೇಗದಲ್ಲಿ ದಿನಕ್ಕೆ ಅರ್ಧ ಗಂಟೆಯವರೆಗೆ ಏರಿಸಬಹುದು. ತೋಟ ನೋಡಿಕೊಂಡು ಬರಬಹುದು, ಆದರೆ ದೋಟಿ ಹಿಡಿದು ಕೊನೆ ಕೊಯ್ಯುವುದು, ಗೊಬ್ಬರದ ಬುಟ್ಟಿ ಹೊರುವುದು, ಮರ ಹತ್ತುವುದು ಸದ್ಯಕ್ಕೆ ಬೇಡ. ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ಮೂರು ದಿನಗಳಲ್ಲಿ ಎರಡು ಕಿಲೋಗಿಂತ ಹೆಚ್ಚಾದರೆ ಅದು ಕೊಬ್ಬಲ್ಲ, ನೀರು. ಆ ದಿನವೇ ವೈದ್ಯರಿಗೆ ತಿಳಿಸಬೇಕು. ಮಲಗಿದರೆ ದಮ್ಮು ಕಟ್ಟಿ ಎದ್ದು ಕೂರಬೇಕಾಗುವುದು, ದಿಂಬುಗಳ ಸಂಖ್ಯೆ ಹೆಚ್ಚುವುದು, ಪಾದ ಬಾತುಕೊಳ್ಳುವುದು, ಪ್ರಜ್ಞೆ ತಪ್ಪುವುದು ಇವು ಕಾಯುವ ಲಕ್ಷಣಗಳಲ್ಲ. ಎದೆಯಲ್ಲಿ ನೋವು, ಬಿಗಿತ ಅಥವಾ ಕಾರಣವಿಲ್ಲದ ಬೆವರು ಬಂದರೆ 108ಕ್ಕೆ ಕರೆ ಮಾಡಿ, ದೂರದ ನಗರದ ಕಡೆ ನೇರವಾಗಿ ಕಾರು ಓಡಿಸುವ ಬದಲು ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ರಾಜ್ಯದಲ್ಲಿ ಬಂದಿದೆ.

ಪೂರ್ಣ ಪ್ರಮಾಣದ ಔಷಧದ ಮೂರು ತಿಂಗಳ ನಂತರವೂ ಇ.ಎಫ್. 35ಕ್ಕಿಂತ ಮೇಲೇರದಿದ್ದರೆ, ಬಡಿತ ಅಪಾಯಕಾರಿಯಾಗಿ ಕೆಟ್ಟಾಗ ಒಳಗಿನಿಂದಲೇ ಶಾಕ್ ಕೊಟ್ಟು ಕಾಪಾಡುವ ಐಸಿಡಿ ಎಂಬ ಯಂತ್ರದ ಮಾತು ಬರುತ್ತದೆ. ಈಗಲೇ ಅದರ ಚಿಂತೆ ಬೇಡ. ಬಹಳ ಜನರಲ್ಲಿ ಸಂಖ್ಯೆ ಅಷ್ಟರೊಳಗೆ ಮೇಲೇರಿರುತ್ತದೆ.

ಪ್ರಶ್ನೆ: ನನಗೆ 29 ವರ್ಷ. ಎರಡು ತಿಂಗಳ ಹಿಂದೆ ಹೆರಿಗೆಯಾಯಿತು. ಕಾಲು ಊದಿಕೊಂಡಿದ್ದನ್ನೂ ರಾತ್ರಿ ಮಲಗಲಾಗದೆ ಕೆಮ್ಮು ಬರುತ್ತಿದ್ದುದನ್ನೂ ಬಾಣಂತನದ ಶೀತ ಎಂದುಕೊಂಡಿದ್ದೆವು. ಎಕೋದಲ್ಲಿ ಪಂಪಿಂಗ್ ಶೇ. 30 ಎಂದು ಬಂದಿದೆ. ಮಗುವಿಗೆ ಹಾಲುಣಿಸಬಹುದೇ? ಇದು ಗುಣವಾಗುತ್ತದೆಯೇ? ಮುಂದೆ ಇನ್ನೊಂದು ಮಗು ಬೇಕೆಂದಿದ್ದೇವೆ.
– ಓದುಗರು, ಕಾರವಾರ

ಉತ್ತರ: ಗರ್ಭದ ಕೊನೆಯ ತಿಂಗಳಲ್ಲಿ ಅಥವಾ ಹೆರಿಗೆಯ ನಂತರದ ತಿಂಗಳುಗಳಲ್ಲಿ, ಬೇರೆ ಕಾರಣವಿಲ್ಲದೆ ಇ.ಎಫ್. 45ಕ್ಕಿಂತ ಕೆಳಗಿಳಿಯುವ ಸ್ನಾಯುದೋಷವೊಂದಿದೆ. ನಿಮ್ಮದು ಅದೇ ಇರುವ ಸಾಧ್ಯತೆ ಹೆಚ್ಚು. ಕವಾಟದ ತೊಂದರೆ, ರಕ್ತಹೀನತೆ, ಥೈರಾಯ್ಡ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಧೈರ್ಯ ತಂದುಕೊಳ್ಳಿ: ಪಂಪಿಂಗ್ ಕಡಿಮೆಯಾಗುವ ಕಾಯಿಲೆಗಳಲ್ಲಿ ಚೇತರಿಕೆ ಚೆನ್ನಾಗಿರುವುದು ಇದರಲ್ಲಿಯೇ. ಸರಿಯಾದ ಚಿಕಿತ್ಸೆ ಸಿಕ್ಕವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಬಹುಪಾಲು ಮೊದಲ ಆರು ತಿಂಗಳಲ್ಲಿ, ಸಹಜ ಮಟ್ಟದ ಹತ್ತಿರಕ್ಕೆ ಬರುತ್ತಾರೆ.

ಇದಕ್ಕೆ ಹೃದ್ರೋಗ ತಜ್ಞರ ಚಿಕಿತ್ಸೆ ತಡವಿಲ್ಲದೆ ಬೇಕು. ಇಷ್ಟು ಕಡಿಮೆ ಪಂಪಿಂಗ್ ಇರುವಾಗ, ಅದೂ ಹೆರಿಗೆಯ ಹೊಸತರಲ್ಲಿ, ಹೃದಯದೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಇರುವುದರಿಂದ ಅದನ್ನು ತಡೆಯುವ ಔಷಧ ಬೇಕೇ ಎಂದು ಅವರು ನೋಡುತ್ತಾರೆ. ಹಾಲುಣಿಸುವವರಿಗೆ ಎನಾಲಾಪ್ರಿಲ್, ಮೆಟೊಪ್ರೊಲಾಲ್ ಮುಂತಾದವುಗಳನ್ನು ಆರಿಸಿ ಕೊಡಬಹುದು. ಎಲ್ಲ ಔಷಧಗಳೂ ಹಾಲುಣಿಸುವಾಗ ಹೊಂದುವುದಿಲ್ಲ, ಆದ್ದರಿಂದ ನೀವು ಹಾಲುಣಿಸುತ್ತಿದ್ದೀರಿ ಎಂಬುದನ್ನು ಮೊದಲೇ ಹೇಳಿ. ನಿಮ್ಮ ಹೃದಯ ತೀರಾ ದಣಿದಿದ್ದು ಹಾಲುಣಿಸುವುದನ್ನು ನಿಲ್ಲಿಸಲು ವೈದ್ಯರು ಸೂಚಿಸಿದರೆ ಅದನ್ನು ತಾಯ್ತನದ ಸೋಲೆಂದು ಭಾವಿಸಬೇಡಿ, ಯಾರೂ ಹಾಗೆ ಭಾವಿಸುವಂತೆ ಮಾಡಲೂ ಬಿಡಬೇಡಿ. ಮನೆಯಲ್ಲಿ ಅತ್ತೆಯವರೋ ಆಯಿಯೋ ಕೊಡುವ ಬಾಣಂತಿ ಲೇಹ್ಯ, ತುಪ್ಪದ ಊಟಗಳಲ್ಲಿ ಉಪ್ಪು ಮತ್ತು ನೀರಿನ ಲೆಕ್ಕ ನಿಮ್ಮ ವೈದ್ಯರು ಹೇಳಿದಂತಿರಲಿ, ರಾತ್ರಿ ಮಗುವನ್ನು ನೋಡಿಕೊಳ್ಳುವ ಕೆಲಸವನ್ನು ಮನೆಯವರು ಹಂಚಿಕೊಳ್ಳಲಿ.

ಇನ್ನೊಂದು ಮಗುವಿನ ಪ್ರಶ್ನೆಗೆ ಇಂದು ಉತ್ತರವಿಲ್ಲ. ಉತ್ತರ ನಿಮ್ಮ ಮುಂದಿನ ಎಕೋಗಳಲ್ಲಿದೆ. ಇ.ಎಫ್. ಶೇ. 50ಕ್ಕೆ ಮರಳದಿದ್ದರೆ ಮತ್ತೆ ಗರ್ಭಿಣಿಯಾಗುವುದು ನಿಮ್ಮ ಪ್ರಾಣಕ್ಕೇ ಅಪಾಯ, ಅದನ್ನು ನಾನು ಮೃದುಮಾಡಿ ಹೇಳಲಾರೆ. ಮರಳಿದರೂ ಮರುಕಳಿಸುವ ಸಾಧ್ಯತೆ ಉಳಿದಿರುತ್ತದೆ, ಆಗ ಹೃದ್ರೋಗ ತಜ್ಞರು ಮತ್ತು ಪ್ರಸೂತಿ ತಜ್ಞರು ಒಟ್ಟಿಗೆ ಕುಳಿತು ನಿರ್ಧರಿಸಬೇಕು. ಅಲ್ಲಿಯವರೆಗೆ ಗರ್ಭನಿರೋಧ ಕಡ್ಡಾಯ, ಏಕೆಂದರೆ ಹೃದಯದ ಔಷಧಗಳಲ್ಲಿ ಕೆಲವು ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡುತ್ತವೆ. ಈಸ್ಟ್ರೋಜನ್ ಇರುವ ಗುಳಿಗೆಗಳು ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುವುದರಿಂದ ಅವು ಬೇಡ. ಕಾಪರ್ ಟಿ ಒಳ್ಳೆಯ ಆಯ್ಕೆ.

ಪ್ರಶ್ನೆ: ನನಗೆ 46 ವರ್ಷ, ಶಿರಸಿ ಹತ್ತಿರ ಅಡಿಕೆ ತೋಟವಿದೆ. ಕಳೆದ ವರ್ಷ ಪಂಪಿಂಗ್ ಶೇ. 28 ಇತ್ತು, ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇರಲಿಲ್ಲ. ಈಗ ಶೇ. 54 ಆಗಿದೆ, ಮೊದಲಿನಂತೆ ಕೆಲಸ ಮಾಡುತ್ತಿದ್ದೇನೆ. ಮಾತ್ರೆ ನಿಲ್ಲಿಸಬಹುದಲ್ಲವೇ? ತಿಂಗಳ ಔಷಧದ ಖರ್ಚು ಹೆಚ್ಚಾಗುತ್ತಿರುವುದರಿಂದ ಒಂದು ದಿನ ಬಿಟ್ಟು ಒಂದು ದಿನ ತೆಗೆದುಕೊಳ್ಳುವುದೂ ಉಂಟು.
– ಓದುಗರು, ಶಿರಸಿ

ಉತ್ತರ: ನಿಮ್ಮ ಚೇತರಿಕೆ ಬಹಳ ಸಂತೋಷದ ಸಂಗತಿ. ಆದರೆ ನಿಲ್ಲಿಸಬೇಡಿ. ನಿಮ್ಮಂತೆಯೇ ಬ್ಲಾಕ್ ಇಲ್ಲದೆ ಸ್ನಾಯು ದುರ್ಬಲವಾಗಿ, ಔಷಧಗಳಿಂದ ಪಂಪಿಂಗ್ ಸಹಜಕ್ಕೆ ಮರಳಿ, ಯಾವ ಲಕ್ಷಣವೂ ಇಲ್ಲದಿದ್ದವರ ಮೇಲೆ ಬ್ರಿಟನ್ನಿನಲ್ಲಿ ಟ್ರೆಡ್ ಎಂಬ ಅಧ್ಯಯನ ನಡೆಯಿತು. 2018ರಲ್ಲಿ ಅದು ಪ್ರಕಟವಾಯಿತು. ವೈದ್ಯರ ಕಣ್ಗಾವಲಿನಲ್ಲಿ ಹಂತಹಂತವಾಗಿ ಔಷಧ ನಿಲ್ಲಿಸಿದವರಲ್ಲಿ ಆರು ತಿಂಗಳೊಳಗೆ ಶೇ. 44 ಮಂದಿಯ ಹೃದಯ ಮತ್ತೆ ದುರ್ಬಲವಾಯಿತು. ಅದೇ ಅವಧಿಯಲ್ಲಿ ಔಷಧ ಮುಂದುವರಿಸಿದವರಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. ಅಂದರೆ 54 ಎಂಬ ನಿಮ್ಮ ಸಂಖ್ಯೆ ಔಷಧದ ಆಸರೆಯಲ್ಲಿ ನಿಂತಿರುವ ಸಂಖ್ಯೆ ಎಂದೇ ತಿಳಿಯಬೇಕು. ಅತಿವೇಗದ ಬಡಿತದಂಥ ಒಂದು ಸ್ಪಷ್ಟ ಕಾರಣ ಸಿಕ್ಕಿ ಅದು ಸಂಪೂರ್ಣ ನಿವಾರಣೆಯಾಗಿದ್ದರೆ ಮುಂದೊಂದು ದಿನ ಕಡಿಮೆ ಮಾಡುವ ಮಾತು ಬರಬಹುದು. ಆ ನಿರ್ಧಾರ ನಿಮ್ಮ ವೈದ್ಯರದ್ದಾಗಿರಲಿ. ಮದ್ಯದ ಅಭ್ಯಾಸ ಇದ್ದಿದ್ದರೆ, ಗುಣವಾಯಿತೆಂದು ಅದಕ್ಕೆ ಮರಳಲೇಬೇಡಿ. ಕಾರಣ ತಿಳಿಯದ ಸ್ನಾಯುದೋಷ ಕೆಲವು ಮನೆತನಗಳಲ್ಲಿ ಹರಿದುಬರುವುದರಿಂದ ನಿಮ್ಮ ಒಡಹುಟ್ಟಿದವರೂ ಮಕ್ಕಳೂ ಒಮ್ಮೆ ಇಸಿಜಿ ಮತ್ತು ಎಕೋ ಮಾಡಿಸಿಕೊಳ್ಳುವುದು ಒಳ್ಳೆಯದು.

ವಾಂತಿ, ಭೇದಿ ಆಗಿ ಏನೂ ತಿನ್ನಲಾಗದ ದಿನಗಳಲ್ಲಿ, ಏಕಾದಶಿಯಂಥ ಪೂರ್ಣ ಉಪವಾಸದಲ್ಲಿ ಡಪಾಗ್ಲಿಫ್ಲೋಜಿನ್ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕಾಗಬಹುದು. ಅದನ್ನು ಮೊದಲೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳಿ. ಅದರ ಹೊರತು ಒಂದು ದಿನ ಬಿಟ್ಟು ಒಂದು ದಿನ ಎಂಬುದು ಬೇಡ. ಬೀಟಾ ಬ್ಲಾಕರ್ ಹಾಗೆ ಇದ್ದಕ್ಕಿದ್ದಂತೆ ತಪ್ಪಿದರೆ ನಾಡಿ ಮತ್ತು ಬಿ.ಪಿ. ಎರಡೂ ಏರಿಬಿಡುತ್ತವೆ. ಖರ್ಚಿನ ಕಷ್ಟ ನಿಜವಾದದ್ದು, ಅದನ್ನು ವೈದ್ಯರೆದುರು ಹೇಳಲು ಸಂಕೋಚಪಡಬೇಡಿ. ಡಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ, ಸಕ್ಯುಬಿಟ್ರಿಲ್–ವಾಲ್ಸಾರ್ಟಾನ್‌ನದು 2023ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು 2025ರಲ್ಲಿ ನಮ್ಮ ದೇಶದಲ್ಲಿ ಮುಗಿದು, ಹಲವು ಕಂಪನಿಗಳ ಅಗ್ಗದ ಮಾತ್ರೆಗಳು ಬಂದಿವೆ. ಕಳೆದ ವರ್ಷ ಬರೆದ ಚೀಟಿಯನ್ನು ತೆಗೆದುಕೊಂಡು ಹೋಗಿ, ಬ್ರ್ಯಾಂಡಿನ ಬದಲು ಔಷಧದ ಮೂಲ ಹೆಸರಿನಲ್ಲಿ ಬರೆದುಕೊಡಲು ಕೇಳಿ, ಜನೌಷಧಿ ಕೇಂದ್ರದಲ್ಲಿ ಬೆಲೆ ವಿಚಾರಿಸಿ. ಹಾಗೆ ಮಾಡಿದ ಮೇಲೂ ಹೊರೆಯಾದರೆ ಸಕ್ಯುಬಿಟ್ರಿಲ್–ವಾಲ್ಸಾರ್ಟಾನ್‌ನ ಜಾಗದಲ್ಲಿ ಅದಕ್ಕಿಂತ ಅಗ್ಗದ ಎನಾಲಾಪ್ರಿಲ್ ಅಥವಾ ರಾಮಿಪ್ರಿಲ್ ಕೊಡಬಹುದೇ ಎಂದು ಅವರು ನೋಡಬಲ್ಲರು. 36 ಗಂಟೆಗಳ ಅಂತರದ ನಿಯಮ ಈ ಬದಲಾವಣೆಗೂ ಅನ್ವಯಿಸುತ್ತದೆ.